ಕೆಂಪು ಹೆಪ್ಪು

ನನ್ನ ಮೇಜಿನ ಮೇಲೆ ಎರಡು ವರ್ಷ ಒಂದು ಹಿತ್ತಾಳೆ ತಂಬಿಗೆ ಇತ್ತು. ಬಂದವರು ಕುಡಿಯುವ ನೀರಿರಬಹುದೆಂದು ಅದಕ್ಕೆ ಕೈಹಾಕುತ್ತಿದ್ದರು, ನಾನು ಗದರುತ್ತಿದ್ದೆ. ಒಳಗೆ ನೀರಿರಲಿಲ್ಲ. ತಂಬಿಗೆ ನನ್ನದೂ ಆಗಿರಲಿಲ್ಲ. ಒಂದು ಮಾತಿಗೆ ಒತ್ತೆಯಾಗಿ ಅದು ಅಲ್ಲಿ ಕುಳಿತಿತ್ತು, ಆ ಮಾತು ಕೊಟ್ಟವಳು ನಾನು.

ನಾನು ಕೆಲಸ ಮಾಡುವುದು ಶಿಗ್ಗಾಂವಿ ಕಡೆಯ ಒಂದು ಸಣ್ಣ ಕಾರ್ಖಾನೆಯಲ್ಲಿ. ಅಲ್ಲಿ ಗೋವಿನಜೋಳ ನೆನೆಸಿ, ಅರೆದು ಸ್ಟಾರ್ಚ್ ತೆಗೆಯುತ್ತಾರೆ. ಉಳಿದ ಕೊಳೆ ನೀರು ನನ್ನ ಪಾಲಿಗೆ. ಊಟಕ್ಕೆ ಕುಳಿತರೆ ನನ್ನ ಪಕ್ಕದ ಕುರ್ಚಿ ಬಹಳ ದಿನ ಖಾಲಿ ಇರುತ್ತಿತ್ತು. ಹಾನಗಲ್ಲಿನಲ್ಲಿ ಬಿ.ಎಸ್ಸಿ. ಓದಿದ ತಿಳವಳ್ಳಿಯ ಹುಡುಗಿಗೆ ಹೋಗಿ ಹೋಗಿ ಕೊಳಚೆಯ ಕೆಲಸ ಸಿಕ್ಕಿತಲ್ಲ ಎಂದು ನಮ್ಮ ಬಳಗದಲ್ಲಿ ಮರುಗಿದವರೂ ಇದ್ದರು. ನಾನು ಮರುಗಲಿಲ್ಲ. ಜೋಳ ಅರೆಯಲು ಯಂತ್ರವಿದ್ದರೆ ಸಾಕು. ಅರೆದ ಮೇಲಿನ ಗಲೀಜನ್ನು ಮತ್ತೆ ನೀರು ಮಾಡಲು ತಲೆ ಬೇಕು. ಈ ಮಾತನ್ನು ಊಟದ ಮನೆಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ್ದೇನೆ.

ತಂಬಿಗೆ ತಂದವಳು ನಮ್ಮ ಕೆಳಗಿನ ಊರಿನ ಒಬ್ಬ ಅಜ್ಜಿ. ಕಾರ್ಖಾನೆಯ ಕಾಲುವೆ ಹೋಗಿ ಸೇರುವುದು ಆ ಊರಿನ ಕೆರೆಗೆ. ಆ ಬೇಸಿಗೆಯಲ್ಲಿ ಕೆರೆ ಹಸಿರುಗಟ್ಟಿ ಮೀನುಗಳು ಸತ್ತು ದಂಡೆಗೆ ಬಂದಿದ್ದವು. ಅಜ್ಜಿ ಗೇಟಿನವನನ್ನು ಲೆಕ್ಕಕ್ಕಿಡದೆ ನೇರ ನನ್ನ ಪ್ರಯೋಗಾಲಯಕ್ಕೆ ಬಂದು, ತುಂಬಿದ ತಂಬಿಗೆಯನ್ನು ನನ್ನ ಮುಂದೆ ಕುಕ್ಕಿದಳು.

"ನೀರಿನ ಕೆಲಸ ನೋಡೋ ಬಾಯಾರು ನೀವ ಏನು?"

"ಹೌದ್ರಿ ಅಜ್ಜಿ. ಕುಂತ್ರಿ."

"ಕುಂದ್ರಾಕ ಬಂದಿಲ್ಲ. ಇದನ್ನ ಮೂಸಿ ನೋಡ್ರಿ."

ಮೂಸಿದೆ. ಅಮೋನಿಯಾ. ಬಸ್‌ಸ್ಟ್ಯಾಂಡಿನ ಹಿಂದಿನ ಗೋಡೆಯ ವಾಸನೆ. ಪರೀಕ್ಷೆ ಮಾಡುವ ಅಗತ್ಯವೇ ಇರಲಿಲ್ಲ.

"ನಮ್ಮ ಎಮ್ಮಿ ದಂಡಿಗೆ ಬರ್ತಾವು, ಮೂಸ್ತಾವು, ಹೊಳ್ಳಿ ಹೋಗ್ತಾವು. ಮೂಕ ಜೀವಕ್ಕ ತಿಳಿತೈತಿ, ನಿಮಗ ತಿಳಿಯಂಗಿಲ್ಲೇನು? ನಿಮ್ಮೂರ ಕೆರಿ ನೀರು ಹಿಂಗ ಆಗಿದ್ರ ಸುಮ್ಕ ಇರ್ತಿದ್ರೇನು?"

ನನಗೆ ಬಾಯಿ ಕಡಿಮೆಯಿಲ್ಲ. ಮೇಲಿನವರು ಕೇಳಿದ್ದರೆ ಕಾರಣಗಳ ಪಟ್ಟಿಯನ್ನೇ ಕೊಡುತ್ತಿದ್ದೆ. ಅಜ್ಜಿಗೆ ಆ ಪಟ್ಟಿ ಕೊಡದೆ ತಂಬಿಗೆಯನ್ನು ಇನ್ನೊಮ್ಮೆ ಮೂಸಿದೆ. ಊರಿನವರು ಸಭೆ ಸೇರಿ ಮಾತಾಡಿಕೊಂಡಿದ್ದಾರೆ, ಇನ್ನೂ ಹೀಗೇ ನಡೆದರೆ ಕಾಲುವೆಗೆ ಮಣ್ಣು ಹೊಡೆದು ಮುಚ್ಚುತ್ತಾರೆ ಎಂದೂ ಹೇಳಿದಳು. ಹಾಗೆ ಮುಚ್ಚಿದ್ದರೆ ನಾನು ಅವರನ್ನು ತಪ್ಪೆನ್ನುತ್ತಿರಲಿಲ್ಲ.

"ಎರಡು ವರ್ಷ ಕೊಡ್ರಿ," ಎಂದೆ. "ಎಮ್ಮಿ ಕುಡಿಯುವಂಗ ಮಾಡ್ತೇನಿ."

ಅಜ್ಜಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ನೀರನ್ನು ನನ್ನ ಸಿಂಕಿಗೇ ಸುರಿದು, ಖಾಲಿ ತಂಬಿಗೆ ಮೇಜಿನ ಮೇಲಿಟ್ಟಳು. "ಇದು ಇಲ್ಲೇ ಇರ್ಲಿ. ಕುಡಿಯುವಂಗ ಆದ ದಿನ ನೀವ ತಂದ ಕೊಡ್ರಿ," ಎಂದು ಹೊರಟುಹೋದಳು.

ಮಾತೇನೋ ಕೊಟ್ಟುಬಿಟ್ಟಿದ್ದೆ. ಮಾಡುವುದು ಹೇಗೆಂದು ಅರ್ಧ ಮಾತ್ರ ಗೊತ್ತಿತ್ತು.

ಗೋವಿನಜೋಳದ ನೀರು ಕೊಳೆತಾಗ ಅದರಲ್ಲಿ ಅಮೋನಿಯಾ ಹುಟ್ಟುತ್ತದೆ. ಅದನ್ನು ಕಳೆಯಲು ಎಲ್ಲರೂ ಮಾಡುವ ಉಪಾಯವೆಂದರೆ ಗಾಳಿ ಊದುವುದು. ನಮ್ಮಲ್ಲೂ ದೊಡ್ಡ ಗಾಳಿಯಂತ್ರಗಳು ಹಗಲಿರುಳು ಅರಚಿಕೊಳ್ಳುತ್ತಿದ್ದವು, ಆದರೂ ಸಾಲುತ್ತಿರಲಿಲ್ಲ. ಗಾಳಿಯೇ ಇಲ್ಲದೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗಳಿವೆ ಎಂದು ನಾನು ಓದಿದ್ದೆ. ಮೊದಲ ತೊಟ್ಟಿಯಲ್ಲಿ ಅಳತೆಯ ಗಾಳಿ ಕೊಟ್ಟು ಅಮೋನಿಯಾದ ಅರ್ಧಪಾಲನ್ನು ನೈಟ್ರೈಟ್ ಎಂಬ ಇನ್ನೊಂದು ರೂಪಕ್ಕೆ ತರಬೇಕು. ಎರಡನೆಯ ತೊಟ್ಟಿಯನ್ನು ಬಿಗಿಯಾಗಿ ಮುಚ್ಚಿಡಬೇಕು. ಅಲ್ಲಿ ಈ ಜೀವಿಗಳು ಉಳಿದ ಅಮೋನಿಯಾವನ್ನೂ ನೈಟ್ರೈಟನ್ನೂ ಜೋಡಿಸಿ ನೈಟ್ರೋಜನ್ ಅನಿಲ ಮಾಡಿ ಬಿಡುತ್ತವೆ. ನಾವು ಉಸಿರಾಡುವ ಗಾಳಿಯಲ್ಲಿ ಹೆಚ್ಚಿನ ಪಾಲು ಅದೇ ಅನಿಲ. ಅದರಿಂದ ಯಾರಿಗೂ ತೊಂದರೆಯಿಲ್ಲ.

ತೊಂದರೆ ಇರುವುದು ಈ ಜೀವಿಗಳ ಸ್ವಭಾವದಲ್ಲಿ. ಗಾಳಿ ತಾಕಿದರೆ ಮುನಿಸು. ತಣ್ಣಗಾದರೆ ಮುನಿಸು. ನೈಟ್ರೈಟ್ ಒಂದು ಹಿಡಿ ಹೆಚ್ಚಾದರೂ ಮುನಿಸು. ಅದಕ್ಕಿಂತ ಮುಖ್ಯವಾಗಿ, ಬೆಳೆಯುವುದರಲ್ಲಿ ಇಷ್ಟು ಸೋಮಾರಿಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಾಲಿಗೆ ಹೆಪ್ಪು ಹಾಕಿ ಮಲಗಿದರೆ ಬೆಳಿಗ್ಗೆ ಮೊಸರು. ಇವು ಒಂದು ಎರಡಾಗಲು ಹತ್ತು ಹನ್ನೆರಡು ದಿನ ತೆಗೆದುಕೊಳ್ಳುತ್ತವೆ, ಅದೂ ಮನಸ್ಸಾದರೆ.

ಬೀಜವಾಗಿ ಇವು ನಮಗೆ ಬಂದದ್ದು ದೂರದ ಒಂದು ದೊಡ್ಡ ಘಟಕದಿಂದ, ಒಂದು ನೀಲಿ ಕ್ಯಾನಿನಲ್ಲಿ. ಒಳಗೆ ನೋಡಿದರೆ ಕಂದು ಬಣ್ಣದ ಕೆಸರು. ಅದನ್ನು ತೊಟ್ಟಿಗೆ ಇಳಿಸುವಾಗ ಪಕ್ಕದಲ್ಲಿದ್ದವರು ಫಿಟ್ಟರ್ ಚಾಚಾ. ಸವಣೂರಿನವರು, ದಿನಾ ಅಲ್ಲಿಂದಲೇ ಬಂದು ಹೋಗುತ್ತಾರೆ, ಆ ಊರಿನ ವೀಳ್ಯದೆಲೆ ಬಿಟ್ಟು ಬೇರೆ ಊರಿನ ಎಲೆಯನ್ನು ಬಾಯಿಗಿಡುವುದಿಲ್ಲ. ಕಾರ್ಖಾನೆಯ ಯಾವ ಬೋಲ್ಟು ಎಲ್ಲಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲವರು.

"ಅಕ್ಕಾರ, ಇಷ್ಟು ದೊಡ್ಡ ತೊಟ್ಟಿಗೆ ಇಷ್ಟ ಏನ್ರಿ?" ಎಂದರು.

"ಹೆಪ್ಪು ಎಷ್ಟು ಹಾಕ್ತಾರ ಚಾಚಾ? ಬಿಂದಿಗಿಗಟ್ಟಲೆ ಹಾಕ್ತಾರೇನು?" ಎಂದೆ. ಅಂದಿನಿಂದ ಅದು ಎಲ್ಲರ ಬಾಯಲ್ಲಿ 'ಅಕ್ಕಾರ ಹೆಪ್ಪು' ಆಯಿತು.

ಹೆಪ್ಪಿನ ವಿಷಯದಲ್ಲಿ ನಮ್ಮವ್ವ ಬಲು ಕಟ್ಟುನಿಟ್ಟು. ತಿಳವಳ್ಳಿಯ ನಮ್ಮ ಮನೆಯ ಹೆಪ್ಪು ಅವಳ ಅತ್ತೆಯ ಕಾಲದ್ದು. ಕೇಳಿಕೊಂಡು ಬಂದವರನ್ನು ಬರಿಗೈಲಿ ಕಳಿಸಬಾರದು. ದೀಪ ಹಚ್ಚಿದ ಮೇಲೆ ಕೊಡಬಾರದು. ಒಯ್ದವರು ಬಟ್ಟಲನ್ನು ಖಾಲಿ ತಿರುಗಿಸಬಾರದು, ನಾಲ್ಕು ಮೆಣಸಿನಕಾಯಿಯಾದರೂ ಹಾಕಿ ಕೊಡಬೇಕು. ಚಿಕ್ಕವಳಿದ್ದಾಗ ಇದೆಲ್ಲ ಅವ್ವನ ಕಿರಿಕಿರಿ ಎನಿಸುತ್ತಿತ್ತು.

ತೊಟ್ಟಿಯೊಳಗೆ ಪಂಜರದಂಥ ಚೌಕಟ್ಟುಗಳು, ಅವುಗಳ ತುಂಬ ಪ್ಲಾಸ್ಟಿಕ್ ಬಿಲ್ಲೆಗಳು. ಬಿಲ್ಲೆಯ ಸಂದುಗಳಲ್ಲಿ ಹೆಪ್ಪು ಕೂತು ಬೆಳೆಯಬೇಕು. ತಿಂಗಳುಗಟ್ಟಲೆ ಏನೂ ಕಾಣಲಿಲ್ಲ. ಪ್ರತಿದಿನ ಮುಚ್ಚಳದ ಸಣ್ಣ ಗಾಜಿನಲ್ಲಿ ಬ್ಯಾಟರಿ ಬಿಟ್ಟು ನೋಡುತ್ತಿದ್ದೆ. ಪರೀಕ್ಷೆಯ ನಳಿಗೆಯಲ್ಲಿ ಅಮೋನಿಯಾದ ಹಳದಿ ಬಣ್ಣ ದಿನಾ ಅಷ್ಟೇ ಗಾಢ. ಚಳಿಗಾಲದಲ್ಲಿ ತೊಟ್ಟಿಯ ಸುತ್ತ ಗೋಣಿಚೀಲ ಕಟ್ಟಿಸಿದೆ. ಸ್ಟಾರ್ಚಿನವರು ನಕ್ಕರು. ನಗಲಿ ಎಂದು ಇನ್ನೊಂದು ಸುತ್ತು ಕಟ್ಟಿಸಿದೆ.

ಮುಂದಿನ ಯುಗಾದಿಯ ಹೊತ್ತಿಗೆ ಒಂದು ಬೆಳಿಗ್ಗೆ ಗಾಜಿನೊಳಗೆ ಕೆಂಪು ಕಂಡಿತು. ಮೊದಲು ನಂಬಲಿಲ್ಲ, ಒಂದು ಬಿಲ್ಲೆ ತೆಗೆಸಿದೆ. ಸಂದಿನೊಳಗೆ ಹಚ್ಚಿದ ಕುಂಕುಮ ಒದ್ದೆಯಾದಂತಿತ್ತು. ಹಳದಿ ನಳಿಗೆ ವಾರವಾರಕ್ಕೆ ತಿಳಿಯಾಗುತ್ತ ಬಂತು. ಗಾಳಿಯಂತ್ರಗಳಲ್ಲಿ ಎರಡನ್ನು ನಿಲ್ಲಿಸಿಯೇಬಿಟ್ಟೆವು. ಹಾವೇರಿ ಜಿಲ್ಲೆಯಲ್ಲಿ ಇದನ್ನು ಬೆಳೆಸಿದವಳು ನಾನೊಬ್ಬಳೇ ಎಂದು ನನ್ನ ಅಂದಾಜು; ಬೇರೆ ಯಾರಾದರೂ ಇದ್ದರೆ ನನಗೆ ಹೇಳಿಲ್ಲ. ಅವತ್ತು ಊಟದ ಮನೆಯಲ್ಲಿ ಎರಡು ಸಲ ಬಡಿಸಿಕೊಂಡು ಉಂಡೆ.

ಆದರೆ ಸಂತೋಷದಲ್ಲಿ ಒಂದು ಸಣ್ಣತನ ಮಾಡಿದೆ. ಈ ಕೆಂಪು ಏನು, ಯಾಕೆ ಬಂತು, ಹೇಗೆ ಕಾಯಬೇಕು ಎಂದು ಯಾರಿಗೂ ಬಿಡಿಸಿ ಹೇಳಲಿಲ್ಲ. ಚಾಚಾ ಕೇಳಿದರೆ, "ನಿಮಗ್ಯಾಕ ಚಾಚಾ, ಮುಚ್ಚಳ ತೆಗಿಬ್ಯಾಡ್ರಿ ಅಷ್ಟ," ಎನ್ನುತ್ತಿದ್ದೆ. ಎಲ್ಲರಿಗೂ ತಿಳಿದುಬಿಟ್ಟರೆ ನನ್ನದೇನು ಉಳಿಯಿತು ಎಂಬ ಲೆಕ್ಕಾಚಾರ. ಅದು ನನ್ನ ದೊಡ್ಡಸ್ತಿಕೆ, ಈಗ ಒಪ್ಪಿಕೊಳ್ಳುತ್ತೇನೆ.

ಸುದ್ದಿ ಹಿರೇಕೆರೂರು ತಲುಪಿತು. ಅಲ್ಲಿನ ಒಂದು ಕೋಳಿಮಾಂಸದ ಘಟಕದಲ್ಲಿ ನನ್ನಂತೆಯೇ ನೀರಿನ ಕೆಲಸ ಮಾಡುವ ಚಿಕ್ಕೇರೂರಿನ ಒಬ್ಬರು ಫೋನು ಮಾಡಿದರು. ಅವರ ನೀರಿನ ಅಮೋನಿಯಾ ನಮ್ಮದಕ್ಕಿಂತ ಜೋರು. ಒಂದಿಷ್ಟು ಹೆಪ್ಪು ಬೇಕೆಂದರು. ಕೆಲಸವಿದೆ ಎಂದು ಫೋನಿಟ್ಟೆ. ಒಂದು ಸಂಜೆ ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ಬಂದೇಬಿಟ್ಟರು. ನಡುವಯಸ್ಸು, ಮೆತ್ತಗಿನ ಮಾತು. ಕೊಡುವುದಿಲ್ಲ ಎಂದು ಮುಖದ ಮೇಲೆ ಹೇಳಲಾಗದೆ ಅವ್ವನ ನೇಮವನ್ನು ಮುಂದೆ ಮಾಡಿದೆ.

"ದೀಪ ಹಚ್ಚೋ ಹೊತ್ತಾತ್ರಿ. ಈಗ ಹೆಪ್ಪು ಕೊಡಂಗಿಲ್ಲ ನಾವು."

ಆತ ತಲೆಯಾಡಿಸಿದರು. "ಖರೇ ಐತ್ರಿ. ನಮ್ಮನ್ಯಾಗೂ ಕೊಡಂಗಿಲ್ಲ," ಎಂದು ಬೈಕು ತಿರುಗಿಸಿದರು. ಪೀಡೆ ತೊಲಗಿತು ಎಂದುಕೊಂಡೆ. ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಅದೇ ಕ್ಯಾನು, ಅದೇ ಮನುಷ್ಯ, ಗೇಟಿನಲ್ಲಿ.

"ಈಗ ಹೊತ್ತು ಛಲೋ ಐತಲ್ರಿ?"

ಚಾಚಾ ಎಲೆ ಅಗಿಯುವುದನ್ನು ನಿಲ್ಲಿಸಿ ನಕ್ಕರು. ನನಗೆ ಸಿಟ್ಟು ಬಂತು. ಆದರೂ ಒಳಗೆ ಹೋಗಿ ಅವ್ವನಿಗೆ ಫೋನು ಮಾಡಿದೆ. ಅವಳು ನನ್ನ ಪರ ಮಾತಾಡುತ್ತಾಳೆಂಬ ಆಸೆ.

"ಹಿರೇಕೆರೂರಿಂದ ಎರಡು ಸರ್ತಿ ಬಂದಾರ, ಕೊಡಾಕ ಏನ್ ಧಾಡಿ ನಿನಗ?" ಎಂದಳು ಅವ್ವ. "ಹೆಪ್ಪು ಕೊಟ್ರ ಕಡಿಮಿ ಆಕ್ಕೈತೇನು? ಕೊಟ್ಟ ಕಳಿಸು."

ಕೊಟ್ಟೆ. ನಗುನಗುತ್ತ ಕೊಡಲಿಲ್ಲ. ಚಾಚಾರನ್ನು ಆಚೆ ಕಳಿಸಿ, ಕ್ಯಾನಿನ ತುಂಬ ಕೆಂಪು ಬಿಲ್ಲೆ ಎಣಿಸಿದಂತೆ ನಾನೇ ಹಾಕಿ, "ಗಾಳಿ ತಾಕಿಸಬ್ಯಾಡ್ರಿ, ಬೆಚ್ಚಗ ಇಡ್ರಿ," ಎಂದು ಮುಖ ಗಂಟು ಹಾಕಿಕೊಂಡೇ ಹೇಳಿದೆ. ಆತ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು ಜೇಬಿಗಿಟ್ಟುಕೊಂಡರು.

ಆ ವರ್ಷದ ಮಹಾನವಮಿ ಬಂತು. ನಮ್ಮ ಕಡೆ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಬೋಲ್ಟು ಬಿಗಿಯುವ ಸಣ್ಣ ಪಾನಾದಿಂದ ಹಿಡಿದು ದೊಡ್ಡ ಯಂತ್ರದವರೆಗೆ ಎಲ್ಲ ತೊಳೆದು ಹೂವೇರಿಸುತ್ತಾರೆ. ಚಾಚಾ ತಮ್ಮ ಪಾನಾಗಳನ್ನು ಎಣ್ಣೆಯಲ್ಲಿ ತಿಕ್ಕಿ ಸಾಲಾಗಿ ಜೋಡಿಸುವುದನ್ನು ನೋಡಲೆಂದೇ ಜನ ಬರುತ್ತಾರೆ. ನಾನು ಮೂರು ದಿನ ರಜೆ ಹಾಕಿ ತಿಳವಳ್ಳಿಗೆ ಹೊರಟಿದ್ದೆ. ಹೊರಡುವಾಗ ಎಲ್ಲರನ್ನೂ ಕರೆದು ಜಬರದಸ್ತಿನಿಂದ ಹೇಳಿದೆ: "ನಾ ಬರೂದ್ರೊಳಗ ನಮ್ಮ ವಿಭಾಗ ಫಳಫಳ ಅನಬೇಕು. ಒಂದು ಯಂತ್ರ, ಒಂದು ತೊಟ್ಟಿ ಬಿಡಬ್ಯಾಡ್ರಿ. ಎಲ್ಲೂ ಲೋಳಿ ಕಾಣಬಾರ್ದು. ಸ್ಟಾರ್ಚಿನವರು ನೋಡಿ ಹೊಟ್ಟಿ ಉರಕೋಬೇಕು."

ಪೂಜೆಯ ದಿನ ಬೆಳಿಗ್ಗೆ ಹಾನಗಲ್ಲಿನ ಬಸ್ಸಿಳಿದು, ಅವ್ವ ಕಟ್ಟಿಕೊಟ್ಟ ಹೋಳಿಗೆ ಹಿಡಿದು ಒಳಗೆ ಬಂದೆ. ನಮ್ಮ ವಿಭಾಗ ನಿಜವಾಗಿಯೂ ಫಳಫಳ ಅನ್ನುತ್ತಿತ್ತು. ಅಂಗಳದಲ್ಲಿ ಸಾಲಾಗಿ ಪಂಜರಗಳು, ಬಿಸಿಲಿಗೆ ಒಣಗಿಸಿಟ್ಟ ಬಿಲ್ಲೆಗಳು ಹಾಲಿನಷ್ಟು ಬಿಳಿ. ಪ್ರತಿ ಪಂಜರಕ್ಕೂ ಒಂದೊಂದು ಚೆಂಡುಹೂವಿನ ಮಾಲೆ.

ಚಾಚಾ ಎದುರು ಬಂದರು. ಮುಖದ ತುಂಬ ಹಿಗ್ಗು. "ಒಂದು ತೊಟ್ಟಿನೂ ಬಿಡಬ್ಯಾಡ್ರಿ ಅಂದಿದ್ರಲ್ಲ, ಮುಚ್ಚಳ ತಗದು ಪ್ರೆಶರ್ ಪೈಪ್ ಹಚ್ಚಿ ತೊಳದೀವ್ರಿ ಅಕ್ಕಾರ, ಆಮ್ಯಾಲ ಬ್ರಶ್ ಹಚ್ಚಿ ತಿಕ್ಕೀವಿ. ಎರಡು ದಿನದ ಕೆಲಸ. ಎಷ್ಟು ಕೆಂಪು ಲೋಳಿ ಹಿಡದಿತ್ತು ಅಂತೀರಿ! ಹೂವು ಹಿರೇಕೆರೂರವರು ಗೇಟಿನ್ಯಾಗ ಕೊಟ್ಟ ಹ್ವಾದ್ರು, ಕ್ಯಾನು ಖಾಲಿ ಕೊಡಬಾರ್ದು ಅಂತ ತುಂಬಿ ತಂದಿದ್ರು."

ನಾನು ಅಲ್ಲೇ ಕುಳಿತುಬಿಟ್ಟೆ. ಹೋಳಿಗೆಯ ಡಬ್ಬಿ ತೊಡೆಯ ಮೇಲೇ ಇತ್ತು. ಒಂದೂವರೆ ವರ್ಷದ ಬೆಳೆ ಚರಂಡಿ ಸೇರಿತ್ತು. ಅಜ್ಜಿಗೆ ಕೊಟ್ಟ ಗಡುವು ಬರುವ ಬೇಸಿಗೆಗೆ. ಬೈಯಲು ಬಾಯಿ ತೆರೆದೆ, ಆದರೆ ಯಾರನ್ನು ಬೈಯುವುದು? ತೊಟ್ಟಿ ಬಿಡಬೇಡಿ ಎಂದವಳು ನಾನು. ಲೋಳೆ ಕಾಣಬಾರದು ಎಂದವಳು ನಾನು. ಆ ಲೋಳೆಯೇ ನಮ್ಮ ಹೆಪ್ಪು ಎಂದು ಹೇಳದೆ ಬಚ್ಚಿಟ್ಟುಕೊಂಡವಳೂ ನಾನೇ.

ಅವತ್ತು ಅಂಗಳದಲ್ಲಿ, ಮಾಲೆ ಹಾಕಿದ ಪಂಜರಗಳ ಮುಂದೆ, ಮೊದಲ ಸಲ ಎಲ್ಲರಿಗೂ ಎಲ್ಲವನ್ನೂ ಬಿಡಿಸಿ ಹೇಳಿದೆ. ಕೇಳುತ್ತ ಕೇಳುತ್ತ ಚಾಚಾರ ಮುಖ ಕಪ್ಪಿಟ್ಟಿತು. ಟೋಪಿ ತೆಗೆದು ಮಡಿಚಿ ಕೈಯಲ್ಲಿ ಹಿಡಿದರು. "ತೋಬಾ ತೋಬಾ... ಒಂದು ಮಾತು ಹೇಳಬೇಕಿತ್ತಲ್ರಿ ಅಕ್ಕಾರ. ನಾ ಮಗೀನ್ನ ಕಾದಂಗ ಕಾಯ್ತಿದ್ನೆಲ್ಲ," ಎಂದರು. ನನಗೆ ಅಳು ಬಂತು. ಯಾರಾದರೂ ಬೈದಿದ್ದರೂ ಬಾರದಿದ್ದ ಅಳು ಆ ಮಾತಿಗೆ ಬಂತು.

ಕೆರೆಗೆ ನೀರು ಬಿಡುವುದನ್ನು ಆ ಗಳಿಗೆಯೇ ನಿಲ್ಲಿಸಿ ಎಲ್ಲವನ್ನೂ ಬದಿಯ ಹೊಂಡಕ್ಕೆ ತಿರುಗಿಸಿದೆವು. ಗಾಳಿಯಂತ್ರಗಳು ಮತ್ತೆ ಅರಚತೊಡಗಿದವು. ದೂರದ ಘಟಕಕ್ಕೆ ಕೇಳಿದೆ, ಬೀಜ ಸದ್ಯಕ್ಕಿಲ್ಲ ಎಂದರು. ಉಳಿದದ್ದು ಒಂದೇ ದಾರಿ. ಫೋನು ಕೈಯಲ್ಲಿ ಹಿಡಿದು ಅರ್ಧ ತಾಸು ಕುಳಿತಿದ್ದೆ. ಕೊಡುವಾಗ ಮುಖ ಗಂಟು ಹಾಕಿದವಳಿಗೆ ಕೇಳುವುದು ಎಷ್ಟು ಕಷ್ಟ ಎನ್ನುವುದನ್ನು ಬೇರೆಯವರಿಗೆ ಹೇಳಿ ತಿಳಿಸಲಾಗದು.

ಹೆಪ್ಪು ಒಯ್ದಿದ್ದ ಚಿಕ್ಕೇರೂರಿನವರು ಪೂರ್ತಿ ಕೇಳಿಸಿಕೊಂಡರು. ನಗಲಿಲ್ಲ. "ನಮ್ಮ ಕಡೆ ಈಗ ಛಲೋ ಕೆಂಪಾಗೇತ್ರಿ. ಎಷ್ಟು ಕ್ಯಾನು ಬೇಕು?" ಎಂದಷ್ಟೇ ಕೇಳಿದರು. ಹಬ್ಬದ ದಿನ ಗಾಡಿ ಹೊಂದಿಸಿ, ಕಂಬಳಿ ಸುತ್ತಿದ ನಾಲ್ಕು ಕ್ಯಾನು ಏರಿಸಿಕೊಂಡು, ಇಡೀ ದಾರಿ ಹಿಂದೆಯೇ ಕುಳಿತು ಅವರು ಬಂದಾಗ ಕೆಳಗಿನ ಊರಿನ ಮನೆಗಳಲ್ಲಿ ಆಗತಾನೆ ದೀಪ ಹಚ್ಚುತ್ತಿದ್ದರು. ಗೇಟಿನ ಹೊರಗೇ ಗಾಡಿ ನಿಲ್ಲಿಸಿದರು.

"ದೀಪ ಹಚ್ಯಾರಲ್ರಿ ಬಾಯಾರ. ಹೆಪ್ಪು ಕೊಡೋ ಹೊತ್ತಲ್ಲ. ನಾಳೆ ಮುಂಜಾನೆ ಬರ್ಲೇನು?"

ಬೆಳಿಗ್ಗೆಯಿಂದ ಮುಖ ಬಾಡಿಸಿಕೊಂಡಿದ್ದ ನನಗೆ ನಗು ತಡೆಯಲಾಗಲಿಲ್ಲ. "ಒಳಗ ಬರ್ರಿ," ಎಂದೆ. "ಇದು ನಿಮ್ಮ ಹೆಪ್ಪಲ್ಲ, ನನ್ನದು. ಮಗಳು ತವರಿಗೆ ಬರಾಕ ಹೊತ್ತು ನೋಡಂಗಿಲ್ಲ."

ಚಾಚಾ ಯಾರಿಗೂ ಕ್ಯಾನು ಮುಟ್ಟಲು ಬಿಡಲಿಲ್ಲ. ಒಂದೊಂದನ್ನೂ ತಾವೇ ಎತ್ತಿ, ನೀರು ಕಲಕದಂತೆ ತೊಟ್ಟಿಗೆ ಇಳಿಸಿದರು. ಮುಚ್ಚಳದ ಬೋಲ್ಟುಗಳನ್ನು ಎಣ್ಣೆ ಹಚ್ಚಿದ ಪೂಜೆಯ ಪಾನಾದಿಂದಲೇ ಬಿಗಿದರು. ಆಮೇಲೆ ಎಲ್ಲರೂ ಕೂಡಿ ಅವ್ವನ ಹೋಳಿಗೆ ತಿಂದೆವು, ಖಾಲಿ ಕ್ಯಾನಿನಲ್ಲಿ ಒಂದು ಗಂಟು ಹೋಳಿಗೆ ಇಟ್ಟು ಕಳಿಸಿದೆವು.

ಆ ಚಳಿಗಾಲ ಗೋಣಿಚೀಲದ ಮೂರು ಸುತ್ತು. ಈ ಸಲ ಕಟ್ಟಿದ್ದು ನಾನೊಬ್ಬಳಲ್ಲ. ನಳಿಗೆಯ ಬಣ್ಣ ನೋಡುವುದನ್ನು ನಮ್ಮ ವಿಭಾಗದ ಐವರೂ ಕಲಿತರು. ಚಾಚಾ ಬೆಳಿಗ್ಗೆ ಬಂದವರೇ ಕೈ ತೊಳೆದು ಗಾಜಿನಲ್ಲಿ ಬ್ಯಾಟರಿ ಬಿಡುತ್ತಿದ್ದರು, ಕೆಂಪು ನಿನ್ನೆಗಿಂತ ಒಂದು ಬೆರಳು ಹೆಚ್ಚಿದೆಯೋ ಇಲ್ಲವೋ ಎಂದು ನನ್ನ ಜೊತೆ ವಾದಿಸುತ್ತಿದ್ದರು. ಬಹಳ ಸಲ ಅವರೇ ಸರಿ. ಬೇರೆಯದೇ ಒಂದು ಸಣ್ಣ ಡ್ರಮ್ಮಿನಲ್ಲಿ ಒಂದಿಷ್ಟು ಹೆಪ್ಪು ತೆಗೆದಿಡುವ ಪದ್ಧತಿಯನ್ನೂ ಅವರೇ ಶುರುಮಾಡಿದರು. ಅದರ ಮೇಲೆ ಸುಣ್ಣದಲ್ಲಿ 'ತೊಳಿಬ್ಯಾಡ್ರಿ' ಎಂದು ಬರೆದಿದ್ದಾರೆ, ಈಗಲೂ ಇದೆ.

ಕೆರೆಗೆ ಮತ್ತೆ ನೀರು ಬಿಟ್ಟದ್ದು ಸಂಕ್ರಾಂತಿ ಕಳೆದ ಮೇಲೆ, ನಳಿಗೆ ಹದಿನೈದು ದಿನ ಒಂದೇ ಸಮ ತಿಳಿಯಾಗಿ ಬಂದ ನಂತರ. ಬೇಸಿಗೆ ಏರಿತು. ಹಿಂದೆ ಮೀನು ಸತ್ತ ವಾರ ಬಂತು, ಹೋಯಿತು. ನಾನು ದಿನಾ ದಂಡೆಯ ಮೇಲೆ ನಡೆದಾಡಿ ನೋಡಿದೆ. ಒಂದು ಮೀನೂ ತೇಲಲಿಲ್ಲ.

ಒಂದು ಬೆಳಿಗ್ಗೆ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿದೆ. ಚಾಚಾ ತಾವೂ ಬರುತ್ತೇನೆಂದು ಹೊರಟರು. ಅಜ್ಜಿ ಎಮ್ಮೆ ಬಿಟ್ಟುಕೊಂಡು ಕೆರೆಯ ಕಡೆಗೇ ಬರುತ್ತಿದ್ದಳು. ನನ್ನನ್ನು ನೋಡಿ ನಿಂತಳು. ನಮ್ಮ ಕಾಲುವೆ ಕೆರೆಗೆ ಕೂಡುವ ಜಾಗದಲ್ಲೇ ಎಮ್ಮೆಗಳು ನೀರಿಗಿಳಿದವು. ಮುಂದಿನದು ಮೂತಿ ಚಾಚಿ ಮೂಸಿತು. ನನ್ನ ಪರೀಕ್ಷೆಯ ಎಲ್ಲ ನಳಿಗೆಗಳೂ ಆ ಕ್ಷಣ ನನ್ನ ತಲೆಯಿಂದ ಹಾರಿಹೋದವು. ಎಮ್ಮೆ ಇನ್ನೊಮ್ಮೆ ಮೂಸಿತು. ಆಮೇಲೆ ತಲೆ ತಗ್ಗಿಸಿ ಕುಡಿಯತೊಡಗಿತು. ಹಿಂದಿನದೂ ಬಂದು ಪಕ್ಕದಲ್ಲಿ ನಿಂತು ಕುಡಿಯಿತು. ಅವು ಕುಡಿಯುವ ಸದ್ದು ನಮಗೆ ದಂಡೆಯವರೆಗೂ ಕೇಳಿಸುತ್ತಿತ್ತು. ನನಗಾದ ಹೆಮ್ಮೆಯನ್ನು ಮುಚ್ಚಿಟ್ಟುಕೊಳ್ಳಲು ನಾನು ಪ್ರಯತ್ನಿಸಲಿಲ್ಲ, ಚಾಚಾರಂತೂ "ಶಾಬಾಸ್!" ಎಂದು ಎಮ್ಮೆಗೇ ಕೂಗಿ ಹೇಳಿದರು.

ಅಲ್ಲಿಯೇ ತಂಬಿಗೆ ಮುಳುಗಿಸಿ ತುಂಬಿ ಅಜ್ಜಿಯ ಕೈಗೆ ಕೊಟ್ಟೆ. ಅವಳು ಮೂಸಿದಳು. ಬಹಳ ಹೊತ್ತು ಮೂಸಿದಳು. ನಂತರ ನೀರನ್ನು ದಂಡೆಯ ಬೇವಿನ ಗಿಡದ ಬುಡಕ್ಕೆ ಸುರಿದು, "ಇಲ್ಲೇ ನಿಂದರ್ರಿ," ಎಂದು ಮನೆಯ ಕಡೆ ಹೋದಳು. ತಿರುಗಿ ಬಂದಾಗ ಅದೇ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಕಂಠದವರೆಗೆ ಎಮ್ಮೆಯ ಗಟ್ಟಿ ಮೊಸರು.

"ತಗೋ ಯವ್ವಾ," ಎಂದಳು. ಮೊದಲ ಸಲ ಏಕವಚನ. "ಎಲ್ಲಾ ಒಮ್ಮೆಲೆ ತಿಂದಗಿಂದೀ ಮತ್ತ. ಹೆಪ್ಪಿಗೆ ಒಂದಿಷ್ಟು ತಗದಿಡು."